ಸ್ಕಿಡ್ ಆಗಿ ಬಿದ್ದೆ ಅಂತ ಬರೆಸಿದವಳು

ಕಾಲಿಗೆ ಕಬ್ಬಿಣದ ಚೌಕಟ್ಟು ಕಟ್ಟಿಸಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತವಳನ್ನು ಜನ ಕೇಳುವುದು ಒಂದೇ ಪ್ರಶ್ನೆ: "ಹೇಗಾಯ್ತು?" ಪಕ್ಕದಲ್ಲಿ ಕೂತವರು ಕೇಳುತ್ತಾರೆ, ಲಿಫ್ಟಿನವನು ಕೇಳುತ್ತಾನೆ, ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ಟೋಕನ್ ಕೊಡುವಾಕೆಯೂ ಕೇಳುತ್ತಾಳೆ. ಹೇಗಿದೆ ಅಂತ ಕೇಳುವವರು ಕಡಿಮೆ. ಹೇಗಾಯ್ತು ಅನ್ನುವುದು ಗೊತ್ತಾದರೆ ತಮಗೆ ಹಾಗಾಗದಂತೆ ನೋಡಿಕೊಳ್ಳಬಹುದು ಅಂತ ಅವರ ನಂಬಿಕೆ. ಅವರನ್ನು ನಾನು ಬೈಯುವುದಿಲ್ಲ, ಮೊದಲು ನಾನೂ ಹಾಗೇ ಕೇಳುತ್ತಿದ್ದೆ.

ಈ ಪ್ರಶ್ನೆಗೆ ನಾನು ಎರಡು ಉತ್ತರ ಕೊಟ್ಟಿದ್ದೇನೆ. ಮೊದಲನೆಯದನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಎರಡನೆಯದನ್ನು ನಂಬಿಸುವುದಕ್ಕೆ ಮೂರು ವರ್ಷ ಹಿಡಿಯಿತು. ವಾಸಿಯಾದೆ ಅಂತ ಇದನ್ನು ಬರೆಯುತ್ತಿಲ್ಲ, ಆಗಿಲ್ಲ. ನನ್ನ ಹಾಗೆ ಸ್ಟ್ರೆಚರ್ ಮೇಲೆ ಮಲಗಿದ ಇನ್ಯಾರಿಗೋ ಆ ಮೊದಲ ಉತ್ತರ ಬಾಯಿಗೆ ಬರುವ ಮುಂಚೆ ಇದು ನೆನಪಾಗಲಿ ಅಂತ ಬರೆಯುತ್ತಿದ್ದೇನೆ. ನೆನಪಾಗುವುದಿಲ್ಲ, ಅದೂ ಗೊತ್ತು. ಅಂಥ ಹೊತ್ತಲ್ಲಿ ಯಾರಿಗೆ ಏನು ನೆನಪಾಗುತ್ತದೆ?

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಪಂಪಿನ ಬಿಡಿಭಾಗಗಳನ್ನು ಅಳೆದು ಪಾಸು, ರಿಜೆಕ್ಟು ಅಂತ ಬರೆಯುವುದು ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಪಕ್ಕಕ್ಕಿಡುವವಳು. ಬೆನ್ನ ಹಿಂದೆ ಎಲ್ಲರೂ ನನ್ನನ್ನು 'ರಿಜೆಕ್ಟ್ ಮೇಡಂ' ಅನ್ನುತ್ತಿದ್ದರು, ನನಗೆ ಅದರ ಬಗ್ಗೆ ಒಳಗೊಳಗೇ ಹೆಮ್ಮೆ ಇತ್ತು. ಅಪ್ಪ ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿದ್ದವರು. ಒಂದು ನಿಮಿಷ ತಡವಾಗಿ ಬಂದವರನ್ನು ಒಂದು ನಿಮಿಷ ತಡ ಅಂತಲೇ ಬರೆಯುತ್ತಿದ್ದರು, ಅದೇ ಕಾರ್ಖಾನೆಯಲ್ಲಿದ್ದ ಸ್ವಂತ ತಮ್ಮನನ್ನೂ ಬಿಡಲಿಲ್ಲ. ಆ ಕ್ವಾರ್ಟರ್ಸಿನಲ್ಲಿ ಬೆಳೆದವಳು ನಾನು.

ಆದರೆ ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ, ನಾನು ಮಾಡಿದ ತಪ್ಪು ಅರ್ಥವಾಗಬೇಕಾದರೆ ಅದು ಗೊತ್ತಿರಬೇಕು. ಅಳತೆ ತಪ್ಪಿದ ಮಾಲು ಅರ್ಜೆಂಟಾಗಿ ಹೋಗಲೇಬೇಕು ಅಂತಾದಾಗ 'ಡೀವಿಯೇಷನ್' ಅಂತ ಒಂದು ಚೀಟಿ ಬರೆಯುತ್ತೇವೆ. ತಪ್ಪಿದೆ, ತಪ್ಪಿದೆ ಅಂತ ಗೊತ್ತೂ ಇದೆ, ಆದರೂ ಈ ಒಂದು ಸಲಕ್ಕೆ ಬಿಡುತ್ತಿದ್ದೇವೆ ಅಂತ ಅದರ ಅರ್ಥ. ಕೆಳಗೆ ಸಹಿ. ಸಹಿ ಬಿದ್ದ ಮೇಲೆ ಲೈನು ನಿಲ್ಲುವುದಿಲ್ಲ, ಲಾರಿ ಹೊರಡುತ್ತದೆ, ಎಲ್ಲರೂ ಟೀ ಕುಡಿಯಲು ಹೋಗುತ್ತಾರೆ. ಗೊಣಗುತ್ತಲೇ ನಾನೂ ಎಷ್ಟೋ ಸಲ ಸಹಿ ಹಾಕಿದ್ದೇನೆ.

ಆ ದಿನ ಬೆಳಿಗ್ಗೆ ಮಾಕಳಿಯ ಮನೆಯಿಂದ ಸ್ಕೂಟರಿನಲ್ಲಿ ಹೊರಟು, ತುಮಕೂರು ರಸ್ತೆ ಬಿಟ್ಟು, ಕಾರ್ಖಾನೆಗಳ ಒಳರಸ್ತೆಗೆ ತಿರುಗಿದ್ದೆ. ನಮ್ಮ ಗೇಟು ಕಾಣುತ್ತಿತ್ತು. ಎಡಗಡೆಯ ಶೆಡ್ಡುಗಳ ಸಂದಿಯಿಂದ ಒಂದು ಟೆಂಪೊ ಹಿಂದುಹಿಂದಕ್ಕೆ ಬಂತು. ಹಾರ್ನ್ ಹೊಡೆದೆ. ಶೆಡ್ಡಿನೊಳಗೆ ಗ್ರೈಂಡರುಗಳ ಗದ್ದಲ, ಟೆಂಪೊದ ಹಿಂಭಾಗದಲ್ಲಿ ಎತ್ತರಕ್ಕೆ ಪೇರಿಸಿದ ಎರಕದ ಮಾಲು. ಆ ಡ್ರೈವರಿಗೆ ನಾನು ಕೇಳಿಸಲೂ ಇಲ್ಲ, ಕಾಣಿಸಲೂ ಇಲ್ಲ. ಸ್ಕೂಟರು ಬಿತ್ತು, ನಾನು ಬಿದ್ದೆ, ಟೆಂಪೊದ ಹಿಂದಿನ ಚಕ್ರ ನನ್ನ ಎಡಗಾಲಿನ ಮೇಲೆ ಹತ್ತಿ ಅಲ್ಲೇ ನಿಂತಿತು. ಮುಂದಕ್ಕೆ ತೆಗೀರಿ ಅಂತ ಕೂಗಿಕೊಂಡವಳು ನಾನೇ. ಆಮೇಲೆ ನನ್ನ ಕಾಲನ್ನು ನಾನು ನೋಡಿದೆ. ನೋಡಬಾರದಿತ್ತು.

ಟೆಂಪೊ ಇಳಿದು ಓಡಿ ಬಂದವರು ಹನುಮಂತಪ್ಪ. ಗದಗದ ಕಡೆಯವರು, ಐವತ್ತು ದಾಟಿದವರು. ಎರಕದ ಶೆಡ್ಡಿನಿಂದ ನಮ್ಮ ಗೇಟಿಗೆ ದಿನಕ್ಕೆರಡು ಸಲ ಮಾಲು ತರುತ್ತಿದ್ದರು, ಅವರು ತಂದ ಮಾಲನ್ನು ಅಳೆಯುವವಳು ನಾನು. ರಿಜೆಕ್ಟ್ ಮಾಡಿದಾಗಲೆಲ್ಲ "ಅಕ್ಕಾರ, ನಿಮ್ಮ ಕಣ್ಣು ಭಾಳ ಚೂಪ ಬಿಡ್ರಿ" ಅಂತ ನಕ್ಕು ವಾಪಸು ತುಂಬಿಕೊಂಡು ಹೋಗುತ್ತಿದ್ದರು. ಈಗ ರಸ್ತೆಯಲ್ಲಿ ಮಂಡಿಯೂರಿ ಹೆಗಲ ಟವೆಲ್ಲಿನಿಂದ ನನ್ನ ಕಾಲು ಬಿಗಿಯುತ್ತಾ ಚಿಕ್ಕ ಮಗುವಿನ ಹಾಗೆ ಅಳುತ್ತಿದ್ದರು. "ನಾ ನೋಡ್ಲಿಲ್ರಿ ಅಕ್ಕಾರ, ಖರೇನ ನೋಡ್ಲಿಲ್ರಿ" ಅನ್ನುವುದೊಂದೇ ಮಾತು.

ಆಟೊದಲ್ಲಿ ಹೋಗುವಾಗ ಅವರ ಫೋನಿಗೆ ಟೆಂಪೊದ ಮಾಲೀಕನ ಕರೆ ಬಂತು. ರಾಜಣ್ಣ ಅಂತ, ಆ ಎರಕದ ಶೆಡ್ಡೂ ಆತನದೇ. ಹನುಮಂತಪ್ಪ ಫೋನನ್ನು ನನ್ನ ಕಿವಿಗೆ ಹಿಡಿದರು.

"ಮೇಡಂ, ನಿಮ್ ಕಾಲಿಗೆ ಬೀಳ್ತೀನಿ, ಆಕ್ಸಿಡೆಂಟ್ ಅಂತ ಮಾತ್ರ ಬರೆಸ್ಬೇಡಿ. ಪೊಲೀಸ್ನೋರು ಗಾಡಿ ಎತ್ಕೊಂಡ್ ಹೋದ್ರೆ ನಾಳೆಯಿಂದ ನಿಮ್ ಕಂಪನಿಗೂ ಮಾಲಿಲ್ಲ, ನಂಗೂ ಊಟ ಇಲ್ಲ. ಆಸ್ಪತ್ರೆ ಖರ್ಚು ಪೂರ್ತಿ ನಂದು. ಇನ್ಶೂರೆನ್ಸ್ ಇದೆ ಮೇಡಂ, ಏಜೆಂಟ್ ನಮ್ಮೋನೇ, ಎಲ್ಲಾ ಒಳಗೊಳಗೇ ಮಾಡಿಸ್ಕೊಡ್ತೀನಿ."

ಯಾವ ಕಾಲಿಗೆ ಬೀಳುತ್ತೀಯಪ್ಪ ಅಂತ ಕೇಳುವಷ್ಟು ಪ್ರಜ್ಞೆ ನನಗಿರಲಿಲ್ಲ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕಿರಿಯ ಡಾಕ್ಟರೊಬ್ಬರು ಪೆನ್ನು ಹಿಡಿದು ಬಂದರು. "ಹೇಗಾಯ್ತಮ್ಮಾ? ಯಾವ ಗಾಡಿ?"

ಆಗ ನನ್ನ ತಲೆಯಲ್ಲಿ ಓಡಿದ್ದನ್ನು ಇದ್ದಹಾಗೇ ಹೇಳುತ್ತೇನೆ, ನಾಚಿಕೆಯಾದರೂ ಸರಿ. ಆ ವಾರ ನಮ್ಮಲ್ಲಿ ದೊಡ್ಡ ಡಿಸ್ಪ್ಯಾಚ್ ಇತ್ತು, ರಾಶಿ ಮಾಲು ಹೊರಗೆ ಕಳಿಸಬೇಕಿತ್ತು. ಟೆಂಪೊ ಸ್ಟೇಷನ್ನಿಗೆ ಹೋದರೆ ಎರಕದ ಮಾಲು ಬರುವುದಿಲ್ಲ, ಲೈನು ನಿಲ್ಲುತ್ತದೆ ಅಂತ ಯೋಚಿಸಿದೆ. ಮೂಳೆ ಹೊರಗೆ ಬಂದು ಮಲಗಿದವಳು ಯೋಚಿಸಿದ್ದು ಡಿಸ್ಪ್ಯಾಚ್ ಬಗ್ಗೆ! ಪೊಲೀಸ್ ಕೇಸು ಅಂದರೆ ಅವರು ಬರುವ ತನಕ ಆಪರೇಷನ್ ಮಾಡುವುದಿಲ್ಲ ಅಂತ ಎಲ್ಲೋ ಕೇಳಿದ್ದೆ, ಅದು ಶುದ್ಧ ಸುಳ್ಳು ಅಂತ ಆಮೇಲೆ ತಿಳಿಯಿತು. ಜೊತೆಗೆ ಬಾಗಿಲಲ್ಲಿ ನನ್ನ ಊಟದ ಬ್ಯಾಗು ಹಿಡಿದು ನಿಂತ ಹನುಮಂತಪ್ಪನವರ ಮುಖ.

"ಸ್ಕಿಡ್ ಆಗಿ ಬಿದ್ದೆ," ಅಂದೆ.

ಡಾಕ್ಟರು ನನ್ನ ಕಾಲು ನೋಡಿದರು, ನನ್ನನ್ನು ನೋಡಿದರು. "ಬೇರೆ ಗಾಡಿ ಯಾವ್ದೂ ಇಲ್ವಾ?"

"ಇಲ್ಲ. ನಾನೇ ಬಿದ್ದೆ."

ಅವರು ಬರೆದುಕೊಂಡರು. ಕೆಳಗೆ ನಾನು ಸಹಿ ಹಾಕಿದೆ. ಯಾರೂ ನನ್ನ ಕೈ ಹಿಡಿದು ಹಾಕಿಸಲಿಲ್ಲ. ಈ ಒಂದು ಸಲಕ್ಕೆ ಅಂದುಕೊಂಡೆ, ಅಷ್ಟೇ.

ಮೊದಲ ಆಪರೇಷನ್ ಆಯಿತು. ಗಂಡ ಸುರೇಶ ಜಾಲಹಳ್ಳಿಯ ಅಪಾರ್ಟ್‌ಮೆಂಟೊಂದರಲ್ಲಿ ಎಲೆಕ್ಟ್ರಿಷಿಯನ್. ಕೆಲಸದ ಬಟ್ಟೆಯಲ್ಲೇ ಓಡಿ ಬಂದವರು ನಡೆದದ್ದನ್ನೆಲ್ಲ ಕೇಳಿಸಿಕೊಂಡು ವಾರ್ಡಿನ ಹೊರಗೆ ಹೋಗಿ ಕೂಗಾಡಿದರು. "ಡಿಸ್ಪ್ಯಾಚ್ ಅಂತೆ! ಇಲ್ಲಿ ಕಾಲು ಹೋಗ್ತಿದೆ, ಇವಳಿಗೆ ಡಿಸ್ಪ್ಯಾಚ್ ಅಂತೆ!" ಇಡೀ ವಾರ್ಡು ಕೇಳಿಸಿಕೊಂಡಿತು. ಆಮೇಲೆ ಒಳಗೆ ಬಂದು ನನ್ನ ತಲೆಗೂದಲಿನಲ್ಲಿದ್ದ ರಸ್ತೆಯ ಮಣ್ಣನ್ನು ಬೆರಳಿನಿಂದ ತೆಗೆಯುತ್ತಾ ಕೂತರು. ಕೂಗಾಡಿದ್ದನ್ನು ತಡೆದುಕೊಂಡಿದ್ದೆ, ಇದನ್ನು ತಡೆಯಲಾಗಲಿಲ್ಲ.

ಅಪ್ಪ ಮರುದಿನ ಬಂದರು. ಎಲ್ಲಿ ಹೋದರೂ ಕಾಗದ ಕಂಡರೆ ಓದುವ ಅಭ್ಯಾಸ ಅವರಿಗೆ. ಮಂಚದ ತುದಿಗೆ ನೇತುಹಾಕಿದ್ದ ಕೇಸ್ ಶೀಟನ್ನು ಕನ್ನಡಕ ಹಾಕಿಕೊಂಡು ಮೊದಲಿಂದ ಕೊನೆಯ ತನಕ ಓದಿದರು. "ಇದನ್ನ ಯಾರು ಹೇಳಿ ಬರೆಸಿದ್ದು?" ಅಂದರು. ನಾನೇ ಅಂದೆ. ಅವರು ಕಾಗದದ ಮೂಲೆ ನೇರ ಮಾಡಿ ಮತ್ತೆ ಅಲ್ಲೇ ಸಿಕ್ಕಿಸಿದರು.

"ಸ್ಕಿಡ್ ಆದ್ರೆ ಕಾಲ್ ಮೇಲೆ ಟೈರಿನ ಅಚ್ಚು ಬರಲ್ಲ ಕಣಮ್ಮ," ಅಂದರು. ಆಮೇಲೆ ಕೂತು ಕಿತ್ತಳೆ ಸುಲಿದು ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ರಾಜಣ್ಣ ಎರಡು ಸಲ ಬಂದ. ಸೇಬು, ಎಳನೀರು, "ನೀವು ನಮ್ ಅಕ್ಕ ಇದ್ದಂಗೆ". ಮೊದಲ ಬಿಲ್ಲಿನ ಸ್ವಲ್ಪ ಭಾಗ ಕಟ್ಟಿದ. ಉಳಿದದ್ದಕ್ಕೆ ಕಂಪನಿಯ ಮೆಡಿಕಲ್ ಪಾಲಿಸಿ ಇತ್ತು, ಅದು ಆ ಒಂದು ಆಪರೇಷನ್ನಿಗೇ ತೀರಿತು. ಕಾರ್ಮಿಕರ ಸರ್ಕಾರಿ ವಿಮೆ ಇಎಸ್‌ಐ ಇದ್ದಿದ್ದರೆ ಅದು ನೋಡಿಕೊಳ್ಳುತ್ತಿತ್ತು. ಆದರೆ ಹಿಂದಿನ ವರ್ಷ ನನಗೆ ಇನ್‌ಕ್ರಿಮೆಂಟ್ ಆಗಿ ಸಂಬಳ ಅದರ ಮಿತಿ ದಾಟಿತ್ತು, ನಾನು ಕಾರ್ಖಾನೆಯವರಿಗೆಲ್ಲ ಸ್ವೀಟ್ ಹಂಚಿದ್ದೆ. ಇನ್ನು ನನ್ನ ಸ್ಕೂಟರಿನ ಇನ್ಶೂರೆನ್ಸು. ಅದನ್ನು ಒಂದು ದಿನವೂ ತಪ್ಪದೆ ಕಟ್ಟಿದ್ದೆ. ಅದು ನಾನು ಬೇರೆಯವರಿಗೆ ಗುದ್ದಿದರೆ ಅವರಿಗೆ ಸಿಗುವಂಥದ್ದು.

ಮನೆಗೆ ಬಂದ ಕೆಲವು ವಾರಕ್ಕೆ ವಾಸನೆ ಶುರುವಾಯಿತು. ಮೊದಲು ನನಗೊಬ್ಬಳಿಗೇ ಬರುತ್ತಿತ್ತು. ಆಮೇಲೆ ಸುರೇಶ ಕಿಟಕಿ ತೆರೆದಿಡತೊಡಗಿದರು. ಮೂಳೆಗೆ ಸೋಂಕು ಹತ್ತಿತ್ತು. ಮೊದಲ ಆಪರೇಷನ್ನಿನಲ್ಲಿ ಮೂಳೆಯೊಳಗೆ ಹಾಕಿದ್ದ ರಾಡು ತೆಗೆದು, ಕೊಳೆತದ್ದನ್ನು ಕೆರೆದು, ಹೊರಗಿಂದ ಚೌಕಟ್ಟು ಹಾಕಿದರು. "ಕಾಲು ಉಳಿಸೋಣ ಅಂತಲೇ ನೋಡ್ತಿದೀವಿ," ಅಂದರು ದೊಡ್ಡ ಡಾಕ್ಟರು. ಧೈರ್ಯ ಹೇಳುವುದಕ್ಕೇ ಹಾಗಂದಿರಬೇಕು. ಕಾಲು ಉಳಿಯದೇ ಹೋಗಬಹುದು ಅಂತ ನನಗೆ ಮೊದಲು ತಿಳಿದದ್ದು ಆ ಮಾತಿನಿಂದ.

ಅಲ್ಲಿಂದ ನನ್ನ ಲೋಕ ಅಂದರೆ ಡ್ರೆಸ್ಸಿಂಗ್ ಕೋಣೆಯ ಹೊರಗಿನ ಬೆಂಚು. ವಾರಕ್ಕೆ ಮೂರು ದಿನ. ಒಳಗೆ ಹೋದವರು ಕಿರುಚುವುದು ಹೊರಗೆ ಕೇಳುತ್ತದೆ, ಹೊರಗಿದ್ದವರು ತಮ್ಮ ಟೋಕನ್ ನಂಬರನ್ನೇ ನೋಡಿಕೊಳ್ಳುತ್ತಾ ಕೂರುತ್ತಾರೆ. ಅಲ್ಲಿ ಲೀಲಾ ಅಂತ ಒಬ್ಬ ಸಿಸ್ಟರ್ ಇದ್ದರು. ಗಾಯ ತೊಳೆಯುವ ಸಲೈನ್ ಬಾಟಲಿ ತಣ್ಣಗೆ ಕೊರೆಯುತ್ತಿರುತ್ತದೆ. ನನ್ನ ಸರದಿ ಎರಡು ಜನರ ಹಿಂದಿದೆ ಅನ್ನುವಾಗಲೇ ಅವರು ಒಂದು ಬಾಟಲಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿರುತ್ತಿದ್ದರು, ಬಿಸಿಯಾಗಲಿ ಅಂತ. ಯಾರೂ ಅವರಿಗೆ ಹೇಳಿಕೊಟ್ಟ ಕೆಲಸ ಅಲ್ಲ ಅದು. ನನಗೆ ದೇವರ ಮೇಲೆ ಆಗ ಭಾರೀ ಸಿಟ್ಟಿತ್ತು, ಆದರೂ ಆ ಬಾಟಲಿ ಕಂಡಾಗ ಮಾತ್ರ ಕೈಮುಗಿಯಬೇಕು ಅನ್ನಿಸುತ್ತಿತ್ತು.

ಮುಂದಿನ ಆಪರೇಷನ್ನಿಗೆ ಹಣ ಬೇಕು ಅಂತಾದಾಗ ಸುರೇಶ ರಾಜಣ್ಣನಿಗೆ ಇನ್ಶೂರೆನ್ಸ್ ವಿಷಯ ಕೇಳಿದರು. ಆತ ಪಾಲಿಸಿಯ ಫೋಟೊ ಕಳಿಸಿದ. ಸುರೇಶ ಟೆಂಪೊದ ನಂಬರನ್ನು ಫೋನಿನಲ್ಲಿ ಹಾಕಿ ನೋಡಿದರು. ಪಾಲಿಸಿ ನನಗೆ ಅಪಘಾತವಾಗುವುದಕ್ಕೆ ಎಷ್ಟೋ ತಿಂಗಳ ಮುಂಚೆಯೇ ಮುಗಿದುಹೋಗಿತ್ತು.

"ಏಜೆಂಟ್ ಕೈಗೆ ದುಡ್ಡು ಕೊಟ್ಟಿದ್ದೆ ಸಾರ್, ಕಟ್ಟಿದಾನೆ ಅನ್ಕೊಂಡಿದ್ದೆ. ನಂಗೇ ಮೋಸ ಆಗಿದೆ," ಅಂದ ರಾಜಣ್ಣ. ಅದಾದ ಮೇಲೆ ಆತ ಫೋನೆತ್ತಲಿಲ್ಲ.

ಸ್ಟೇಷನ್ನಿಗೆ ಗಾಲಿಕುರ್ಚಿಯಲ್ಲಿ ಹೋದೆ. ಮೆಟ್ಟಿಲುಗಳ ಮೇಲಕ್ಕೆ ನನ್ನನ್ನು ಎತ್ತಿಕೊಂಡು ಹೋದವರು ಇಬ್ಬರು ಕಾನ್‌ಸ್ಟೇಬಲ್‌ಗಳೇ. ಸಬ್‌ಇನ್‌ಸ್ಪೆಕ್ಟರ್ ಕೆಟ್ಟವರಲ್ಲ, ಕುರ್ಚಿ ಎಳೆದು ಪಕ್ಕದಲ್ಲೇ ಕೂತು ಆಸ್ಪತ್ರೆಯ ಕಾಗದ ನೋಡಿದರು. "ಇಲ್ಲಿ ನೀವೇ ಹೇಳಿ ಸಹಿ ಹಾಕಿದೀರಲ್ಲ ಮೇಡಂ. ನಾನೇನ್ ಮಾಡ್ಲಿ?" ಅದೇ ಪ್ರಶ್ನೆಯನ್ನು ನಾನೂ ಮನೆಯಲ್ಲಿ ನನಗೇ ಹಾಕಿಕೊಳ್ಳುತ್ತಿದ್ದೆ. ಅಲೆದೂ ಅಲೆದೂ ಕೊನೆಗೆ ದೂರು ದಾಖಲಾಯಿತು. ಅಷ್ಟರಲ್ಲಿ ರಾಜಣ್ಣ ಟೆಂಪೊ ಮಾರಿದ್ದ, ಅದು ಗುಜರಿ ಸೇರಿತ್ತು. ಹನುಮಂತಪ್ಪ ಅಲ್ಲಿ ಕೆಲಸ ಬಿಟ್ಟಿದ್ದರು, ಎಲ್ಲಿದ್ದಾರೆ ಅಂತ ಯಾರಿಗೂ ಗೊತ್ತಿರಲಿಲ್ಲ.

ನಮ್ಮ ವಕೀಲರು ಒಬ್ಬ ಹೆಂಗಸು, ಮಾತಿನಲ್ಲಿ ಸಕ್ಕರೆ ಬೆರೆಸುವವರಲ್ಲ. "ಅವತ್ತೇ ನಿಜ ಹೇಳಿದ್ದಿದ್ರೆ ಗಾಡಿ ಅವತ್ತೇ ಸ್ಟೇಷನ್‌ನಲ್ಲಿ ನಿಲ್ತಿತ್ತು ಕಣ್ರೀ," ಅಂದರು. "ಇನ್ಶೂರೆನ್ಸ್ ಇಲ್ದಿರೋ ಗಾಡೀನ ಸುಮ್ನೆ ಬಿಡಲ್ಲ. ಮಾಲೀಕ ಜಾಮೀನು ಇಡ್ಬೇಕು, ಇಲ್ಲಾಂದ್ರೆ ಗಾಡಿ ಹರಾಜು, ದುಡ್ಡು ಕೋರ್ಟಿಗೆ. ಆ ಗಾಡಿ ಒಂದೇ ನಿಮ್ ಕೈಲಿದ್ದ ಹಿಡಿತ." ಹೇಳಿ ಮುಗಿಸಿ ನೀರು ಕೊಟ್ಟರು.

ಅಪಘಾತ ಪರಿಹಾರದ ಕೋರ್ಟಿನ ಹಜಾರವನ್ನು ಮೊದಲ ಸಲ ನೋಡಿದೆ. ಮೂಳೆ ವಿಭಾಗದ ಹೊರಗೆ ಕಂಡವರೇ ಇಲ್ಲೂ ಕೂತಿದ್ದರು. ಅದೇ ಊರುಗೋಲು, ಅದೇ ಪ್ಲಾಸ್ಟಿಕ್ ಚೀಲದಲ್ಲಿ ಎಕ್ಸ್‌ರೇ, ಅದೇ ತಲೆ ತಗ್ಗಿಸಿದ ಗಂಡಂದಿರು. ನನ್ನ ಜೊತೆ ಡ್ರೆಸ್ಸಿಂಗಿಗೆ ಬರುತ್ತಿದ್ದ ಒಬ್ಬ ಹೆಂಗಸು ನನ್ನನ್ನು ನೋಡಿ ಜಾಗ ಮಾಡಿಕೊಟ್ಟಳು. "ಇಲ್ಲೂ ಟೋಕನ್ ಇದ್ದಿದ್ರೆ ಚೆನ್ನಾಗಿತ್ತು ಅಲ್ವಾ ಅಕ್ಕ," ಅಂದಳು. ಇಬ್ಬರೂ ನಕ್ಕೆವು. ಆ ದಿನದ ವಿಚಾರಣೆ ಮುಂದಕ್ಕೆ ಹೋಯಿತು. ಅದರ ಮುಂದಿನದೂ ಹೋಯಿತು. ಹೀಗೇ ಎಷ್ಟು ಸಲ ಅಂತ ಲೆಕ್ಕ ಇಡುವುದನ್ನು ಬಿಟ್ಟುಬಿಟ್ಟೆ.

ನನ್ನ ಸಾಕ್ಷಿಯ ದಿನ ರಾಜಣ್ಣನ ವಕೀಲರು ತುಂಬ ಮರ್ಯಾದೆಯಿಂದ ಮಾತಾಡಿದರು.

"ನೀವು ಕ್ವಾಲಿಟಿ ಇನ್‌ಸ್ಪೆಕ್ಟರ್ ಅಲ್ವಾ ಮೇಡಂ? ನೀವು ಸಹಿ ಹಾಕಿದ ರಿಪೋರ್ಟಲ್ಲಿ ಇರೋದು ನಿಜ ಅಂತ ನಂಬಿಯೇ ತಾನೇ ಮಾಲು ಹೊರಗೆ ಹೋಗೋದು?"

"ಹೌದು."

"ಈ ಸಹಿ ನಿಮ್ಮದೇನಾ?"

ಆಸ್ಪತ್ರೆಯ ಕಾಗದ ತೋರಿಸಿದರು. ರಕ್ತದ ಕಲೆ ಇನ್ನೂ ಅದರ ಮೇಲಿತ್ತು, ಕಂದು ಬಣ್ಣಕ್ಕೆ ತಿರುಗಿತ್ತು. ಅಷ್ಟು ನೋವಿನಲ್ಲೂ ನನ್ನ ಸಹಿ ಎಷ್ಟು ಸ್ಪಷ್ಟವಾಗಿತ್ತು ಅಂದರೆ ನನಗೇ ಅಸಹ್ಯವಾಯಿತು.

"ನನ್ನದೇ."

"ಅವತ್ತು ಬರೆಸಿದ್ದು ಸುಳ್ಳೋ, ಇವತ್ತು ಹೇಳ್ತಿರೋದು ಸುಳ್ಳೋ?"

"ಅವತ್ತಿಂದು," ಅಂದೆ. ಎಲ್ಲಿ ಹೋಯಿತು ನಿನ್ನ ಚೂಪು ಕಣ್ಣು, ರಿಜೆಕ್ಟ್ ಮೇಡಂ, ಅಂತ ಮನಸ್ಸು ಅಣಕಿಸುತ್ತಿತ್ತು. ಹೊರಗೆ ಬಂದಾಗ ವಕೀಲ ಮೇಡಂ ಕೇಸು ನಿಲ್ಲುವುದು ಕಷ್ಟ ಅಂದರು. ಆ ಡ್ರೈವರ್ ಬಂದು ಒಪ್ಪಿಕೊಂಡರೆ ಮಾತ್ರ ದಾರಿ. ತನ್ನ ತಪ್ಪು ಅಂತ ಒಪ್ಪಿಕೊಳ್ಳಲು ಯಾರಾದರೂ ಕೋರ್ಟಿಗೆ ಬರುತ್ತಾರಾ?

ಹನುಮಂತಪ್ಪ ಬಂದರು. ಸುರೇಶ ಒಂದು ದಿನ ಕೆಲಸಕ್ಕೆ ಹೋಗುವಾಗ ಅವರನ್ನು ಮಾಕಳಿಯ ನಿಲ್ದಾಣದಲ್ಲೇ ನೋಡಿದ್ದರು, ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಬಸ್ಸು ಓಡಿಸುತ್ತಿದ್ದರಂತೆ. ಸಾಕ್ಷಿ ಹೇಳುತ್ತೀರಾ ಅಂತ ಕೇಳಿದ್ದಕ್ಕೆ ತಾರೀಕು ಯಾವಾಗ ಅಂತಷ್ಟೇ ಕೇಳಿದರಂತೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದು ಕಟಕಟೆಯಲ್ಲಿ ನಿಂತರು.

"ತಪ್ಪು ನಿಮ್ಮದು ಅಂತ ಒಪ್ಕೊಂಡ್ರೆ ಪರಿಹಾರದಲ್ಲಿ ನಿಮ್ಮ ತಲೆಗೂ ಬರುತ್ತೆ, ಗೊತ್ತಾ?" ಅಂತ ರಾಜಣ್ಣನ ವಕೀಲರು ಗದರಿಸಿದರು.

"ಗೊತ್ತೈತ್ರಿ," ಅಂದರು ಹನುಮಂತಪ್ಪ. "ನಾ ಗಾಡಿ ಹಿಂದ ತಗೊಳ್ಳಾಕತ್ತಿದ್ದೆ. ಅಕ್ಕಾರನ್ನ ನೋಡ್ಲಿಲ್ಲ. ಗಾಲಿ ಅವರ ಕಾಲ ಮ್ಯಾಲ ಹೋತು. ಅವರು ಬಿದ್ದೇನಿ ಅಂತ ಹೇಳಿದ್ದು ನನ್ನ ಮಾರಿ ನೋಡಿ, ನನ್ನ ಸಲುವಾಗಿ. ಅವರು ಸುಳ್ಳು ಹೇಳೂವಾಗ ನಾ ಅಲ್ಲೇ ನಿಂತಿದ್ದೆ, ಬಾಯಿ ಬಿಡ್ಲಿಲ್ಲ. ಈಗ ಬಿಡಾಕತ್ತೀನಿ."

ಆ ಮಾತಿನ ಮೇಲೆಯೇ ತೀರ್ಪು ನಮ್ಮ ಕಡೆ ಆಯಿತು. ಮಾಲೀಕ ಮತ್ತು ಚಾಲಕ ಜಂಟಿಯಾಗಿ ಕೊಡಬೇಕು ಅಂತ ಆದೇಶ. ಅಪ್ಪ ಅದರ ಪ್ರತಿಯನ್ನು ಮೂರು ಸಲ ಓದಿದರು. 'ಸದರಿ ವಾಹನವು ಹಿಮ್ಮುಖವಾಗಿ ಚಲಿಸಿ' ಅನ್ನುವ ಸಾಲಿನ ಕೆಳಗೆ ಬೆರಳಿಟ್ಟು ನನಗೆ ತೋರಿಸಿದರು. ಕೊನೆಗೂ ನನ್ನ ಕಾಲಿಗೆ ಆದದ್ದು ಒಂದು ಕಾಗದದಲ್ಲಿ ಸರಿಯಾಗಿ ದಾಖಲಾಯಿತು. ಆ ಒಂದು ಸಂಜೆ ನಾನು ಸುಖವಾಗಿದ್ದೆ, ಅದನ್ನು ಇಲ್ಲ ಅನ್ನಲಾರೆ.

ವಕೀಲ ಮೇಡಂ ಮಾತ್ರ ನಗಲಿಲ್ಲ. ಗೆಲ್ಲುವುದು ಬೇರೆ, ವಸೂಲಿ ಬೇರೆ ಅಂದರು. ಹಾಗೇ ಆಯಿತು. ರಾಜಣ್ಣನ ಶೆಡ್ಡು ಬಾಡಿಗೆಯದು, ಮುಚ್ಚಿತ್ತು. ಮನೆ ಹೆಂಡತಿಯ ಹೆಸರಲ್ಲಿ, ಖಾತೆಯಲ್ಲಿ ಏನೂ ಇಲ್ಲ. ಆತ ಇನ್ನೊಂದು ಕಡೆ ಬಾಮೈದನ ಹೆಸರಲ್ಲಿ ಎರಕದ ಕೆಲಸ ಶುರುಮಾಡಿದ್ದಾನೆ ಅಂತ ನಮ್ಮ ಗೇಟಿನವರೇ ಹೇಳಿದರು. ಕೋರ್ಟಿನ ಕಣ್ಣಿಗೆ ಅವನು ಬರಿಗೈ ಮನುಷ್ಯ.

ಅದೇ ಹೊತ್ತಿಗೆ ಗಾಯದಲ್ಲಿ ಮತ್ತೆ ಕೀವು ಕಾಣಿಸಿತು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಇನ್ನೊಂದು ಆಪರೇಷನ್ ಮಾಡಿ ನೋಡಬಹುದು, ಅದೂ ಆಗದಿದ್ದರೆ ಮೊಣಕಾಲ ಕೆಳಗೆ ತೆಗೆಯುವುದೇ ಒಳ್ಳೆಯದು ಅಂದರು. ಇದ್ದ ಚಿನ್ನ ಹೋಗಿತ್ತು, ಅಪ್ಪನ ಉಳಿತಾಯವೂ ಹೋಗಿತ್ತು.

ವಕೀಲ ಮೇಡಂ ನಮ್ಮನ್ನು ಆಫೀಸಿಗೆ ಕರೆದರು. "ಇನ್ನೊಬ್ರು ಇದಾರಲ್ಲ," ಅಂದರು. "ಆ ಡ್ರೈವರ್. ಅವ್ರಿಗೆ ಸಂಬಳದ ಸ್ಲಿಪ್ ಇದೆ. ಪ್ರತಿ ತಿಂಗಳು ಅದ್ರಲ್ಲಿ ಹಿಡಿಸ್ಬಹುದು. ನಿಮ್ ಸಹಿ ಬೇಕು."

ಸ್ವಲ್ಪ ಹೊತ್ತು ನನಗೆ ಅರ್ಥವೇ ಆಗಲಿಲ್ಲ. ಬಾಯಿ ಮುಚ್ಚಿಕೊಂಡವನ ಹತ್ತಿರ ಏನೂ ಇಲ್ಲ. ಬಾಯಿ ಬಿಟ್ಟವರ ಹತ್ತಿರ ಸಂಬಳದ ಸ್ಲಿಪ್ ಇದೆ. ಅವರು ಸುಳ್ಳು ಹೇಳಿದ್ದಿದ್ದರೆ ಇಂದು ಅವರ ಮೈಮೇಲೆ ಒಂದು ಪೈಸೆಯ ಹೊರೆಯೂ ಇರುತ್ತಿರಲಿಲ್ಲ. ನಾನು ಆಗುವುದಿಲ್ಲ ಅಂದೆ. ಬೇಡವೇ ಬೇಡ, ಕಾಲು ಹೋದರೆ ಹೋಗಲಿ ಅಂದೆ.

ಸುರೇಶ ನನ್ನ ಕಡೆ ತಿರುಗಿದರು. ಮೂರು ವರ್ಷದಲ್ಲಿ ಅವರ ಕೂದಲು ಅರ್ಧ ಬೆಳ್ಳಗಾಗಿತ್ತು. ದಿನಾ ಬೆಳಿಗ್ಗೆ ನನ್ನನ್ನು ಎತ್ತಿ ಬಚ್ಚಲಿಗೆ ಕೂರಿಸಿ ಆಮೇಲೆ ಕೆಲಸಕ್ಕೆ ಹೋಗುವವರು. "ಅವ್ರ ಮುಖ ನೋಡಿ ಒಂದ್ಸಲ ಸಹಿ ಹಾಕಿದ್ದು ಸಾಕು ಕಣೇ," ಅಂದರು. ಜೋರಾಗಿ ಅನ್ನಲಿಲ್ಲ.

ಸಹಿ ಹಾಕಿದೆ. ನನ್ನ ಸಹಿ ಈ ಸಲ ಸೊಟ್ಟಗಿತ್ತು. ದೊಡ್ಡತನ ತೋರಿಸಿ ಕಾಗದ ಹರಿದುಹಾಕಿದೆ ಅಂತ ಬರೆಯಬಹುದಿತ್ತು, ಓದುವವರಿಗೂ ಹಿತವಾಗುತ್ತಿತ್ತು. ಸುಳ್ಳು ಬರೆಸಿ ಏನಾಯಿತು ಅಂತ ಗೊತ್ತಿದ್ದವಳು ಮತ್ತೆ ಬರೆಯಲಾರೆ. ನನಗೆ ನನ್ನ ಕಾಲು ಬೇಕಿತ್ತು. ಆ ರಾತ್ರಿಯಿಂದ ಇಂದಿನವರೆಗೆ ನನ್ನ ಮೇಲೆ ನನಗೇ ಹೇಸಿಗೆ, ಅದೂ ನಿಜ. ತಮಾಷೆಯೆಂದರೆ ಆ ಹಣದಲ್ಲಿ ಆಪರೇಷನ್ ಆಗುವುದಿಲ್ಲ. ಬ್ಯಾಂಡೇಜು, ಹತ್ತಿ, ಮಾತ್ರೆಗಳ ಖರ್ಚು ಕಳೆಯಬಹುದು, ಅಷ್ಟೇ.

ಮೊನ್ನೆ ಬೆಳಿಗ್ಗೆ ಡ್ರೆಸ್ಸಿಂಗಿಗೆ ಹೊರಟು ಮಾಕಳಿಯ ಸರ್ವಿಸ್ ರಸ್ತೆಯ ಅಂಚಿನಲ್ಲಿ ನಿಂತಿದ್ದೆ. ಸುರೇಶ ಆಚೆ ಬದಿಯಲ್ಲಿ ಆಟೊ ಹುಡುಕಲು ಹೋಗಿದ್ದರು. ರಸ್ತೆ ದಾಟುವುದು ಅಂದರೆ ಈಗಲೂ ನನಗೆ ಭಯ. ಗಾರ್ಮೆಂಟ್ಸಿನ ಬಸ್ಸು ಬಂದು ನಿಂತಿತು, ಹೆಂಗಸರು ಹತ್ತುತ್ತಿದ್ದರು. ಡ್ರೈವರ್ ಸೀಟಿನಿಂದ ಹನುಮಂತಪ್ಪ ನನ್ನನ್ನು ನೋಡಿದರು. ನಾನು ಮುಖ ತಿರುಗಿಸಿಕೊಂಡೆ. ಊರುಗೋಲು ಹಿಡಿದವಳು ಎಲ್ಲಿಗೆ ಓಡಲಿ? ಅವರು ಇಳಿದು ಹತ್ತಿರ ಬಂದರು.

"ಕಾಲು ಹ್ಯಾಂಗೈತ್ರಿ ಅಕ್ಕಾರ?"

ಎಷ್ಟು ಸವೆದುಹೋಗಿದ್ದರು ಅಂದರೆ ಅಂಗಿ ಹೆಗಲಿನಿಂದ ಜೋತುಬಿದ್ದಿತ್ತು. "ಇನ್ನೂ ಹಾಗೇ ಇದೆ," ಅಂದೆ. ಆಮೇಲೆ, "ನೋಟೀಸು ಬಂತಾ?" ಅಂದೆ.

"ಬಂದೈತ್ರಿ. ಪಗಾರದಾಗ ಹಿಡಿಯಾಕತ್ತಿ ಎರಡು ತಿಂಗಳಾತು." ಅವರು ತಮ್ಮ ಕೈ ಮುಂದೆ ಚಾಚಿದರು. ನಾನು ಹಿಡಿದುಕೊಂಡೆ. ಇನ್ನೊಂದು ಕೈಯೆತ್ತಿ ಬರುತ್ತಿದ್ದ ಲಾರಿ, ಬೈಕುಗಳನ್ನೆಲ್ಲ ನಿಲ್ಲಿಸಿ, ನನ್ನ ಹೆಜ್ಜೆಗೆ ಹೆಜ್ಜೆ ಹಾಕುತ್ತಾ ಆಚೆ ಬದಿಗೆ ದಾಟಿಸಿದರು. ಬಸ್ಸಿನ ಹೆಂಗಸರೆಲ್ಲ ಕಿಟಕಿಯಿಂದ ನೋಡುತ್ತಿದ್ದರು. ಆಚೆ ಮುಟ್ಟಿದ ಮೇಲೆ ಕೈ ಬಿಡುತ್ತಾ ಕೇಳಿದರು.

"ರೊಕ್ಕ ನಿಮಗ ಮುಟ್ಟಾಕತ್ತೈತಿಲ್ರಿ?"

ಅವರ ಸಂಬಳದಲ್ಲಿ ಹಿಡಿದ ಹಣ ಇನ್ನೂ ಕೋರ್ಟಿನಲ್ಲೇ ಇತ್ತು. ಬಿಡಿಸಿಕೊಳ್ಳಲು ಹಾಕಿದ ಅರ್ಜಿ ಮತ್ತೆ ಮುಂದಕ್ಕೆ ಹೋಗಿತ್ತು. ಒಂದು ರೂಪಾಯಿಯೂ ನನ್ನ ಕೈಗೆ ಬಂದಿರಲಿಲ್ಲ.

"ಮುಟ್ಟಿದೆ," ಅಂದೆ.

ಇದು ಅವರ ಮುಖ ನೋಡಿ ನಾನು ಹೇಳಿದ ಎರಡನೇ ಸುಳ್ಳು. ಹನುಮಂತಪ್ಪ ತಲೆಯಾಡಿಸಿದರು. ಭಾರ ಇಳಿದವರ ಹಾಗೆ ಒಂದು ಸಲ ಉಸಿರುಬಿಟ್ಟು, ಬಸ್ಸಿನ ಕಡೆ ನಡೆದರು.